ಹೊಯ್ಗೆಯ ಕಾವಲಿಗೆ ಬಂದ ಕುನ್ನಿ

ವಯಸ್ಸಾದವರು ಮರಿ ಸಾಕಬಾರದು ಎಂದು ಯಾರಾದರೂ ನನ್ನೆದುರು ಹೇಳಿದರೆ ನನಗೆ ಸರ್ರನೆ ಸಿಟ್ಟು ಬರುತ್ತದೆ. ಹಾಗೆ ಹೇಳುವವರ ಎಣಿಕೆ ಯಾವಾಗಲೂ ಒಂದೇ. ನಾಯಿ ಇನ್ನು ಇಷ್ಟು ವರ್ಷ ಬದುಕುತ್ತದೆ, ನೀವು ಇನ್ನು ಇಷ್ಟು ವರ್ಷ, ಕೊನೆಗೆ ಅದರ ಗತಿಯೇನು? ಕೇಳಲಿಕ್ಕೆ ದಯೆಯ ಮಾತು. ಆದರೆ ಈ ಮಾತನ್ನು ನನ್ನ ಅತ್ತೆಯ ಮುಖಕ್ಕೆ ಹೊಡೆದ ಹಾಗೆ ಆಡಿದವಳು ನಾನೇ, ಮತ್ತು ಆಗ ನನ್ನಲ್ಲಿ ದಯೆ ಎಳ್ಳಷ್ಟೂ ಇರಲಿಲ್ಲ. ಅದನ್ನು ಒಪ್ಪಿಕೊಂಡೇ ಬರೆಯಲು ಕೂತಿದ್ದೇನೆ.

ನಾನು ಹುಟ್ಟಿದ್ದು ಕಾರವಾರದ ಹಬ್ಬುವಾಡದಲ್ಲಿ. ತಂದೆ ಬಂದರಿನಲ್ಲಿ ಹಮಾಲರ ಮುಕಾದಮ. ಮಗಳು ನಾಲ್ಕಕ್ಷರ ಕಲಿಯಲಿ ಎಂದು ಕನ್ನಡ ಶಾಲೆಗೆ ನಾಲ್ಕನೆಯ ಇಯತ್ತೆಯವರೆಗೆ ಕಳಿಸಿದ್ದರು. ಅಷ್ಟು ಓದಿನ ಜಂಬವನ್ನು ಹೊತ್ತುಕೊಂಡೇ ನಾನು ಅಂಕೋಲೆಯ ಬೆಳಂಬಾರಕ್ಕೆ, ಕಡಲಿಗೆ ಹೋಗುವವರ ಮನೆಗೆ, ಸೊಸೆಯಾಗಿ ಬಂದೆ. ಉಪ್ಪಿನ ಸತ್ಯಾಗ್ರಹದ ಗಲಾಟೆ ತಣ್ಣಗಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮನೆಯಲ್ಲಿ ಇದ್ದದ್ದು ಮೂರೇ ಜನ: ಅತ್ತೆ, ನನ್ನ ಗಂಡ, ನಾನು. ಮಾವ ನಾನು ಬರುವ ಮೊದಲೇ ತೀರಿಹೋಗಿದ್ದರು.

ಮಳೆಗಾಲ ಕಳೆದು ದೋಣಿಗಳು ನೀರಿಗಿಳಿದವೆಂದರೆ ಬೆಳಂಬಾರದ ಹೆಂಗಸರ ಸಂಸಾರ ನಡೆಯುವುದು ಹೊಯ್ಗೆಯ ಮೇಲೆ. ಹೊಯ್ಗೆ ಎಂದರೆ ನಮ್ಮಲ್ಲಿ ಕಡಲ ದಂಡೆಯ ಮರಳು. ಮಾರಿ ಉಳಿದ ತಾರ್ಲೆ, ಸಿಗಡಿ, ಸಣ್ಣ ಮೀನುಗಳನ್ನು ಅಲ್ಲಿ ಹಳೆಯ ಬಲೆ ಹಾಸಿ ಒಣಗಿಸುತ್ತಿದ್ದೆವು. ಪ್ರತಿ ಮನೆಗೂ ಅಲ್ಲಿ ತನ್ನದೇ ಜಾಗ. ಜಾಗದ ತಲೆಗೆ ತೆಂಗಿನ ಮಡಲಿನ ಸಣ್ಣ ಚಪ್ಪರ. ಅದರಡಿ ಉದ್ದ ಕೋಲು ಹಿಡಿದು ಕಾಗೆ, ಹದ್ದು ಓಡಿಸುತ್ತ ಕೂರುವವಳು ಮನೆಯ ಹಿರಿ ಹೆಂಗಸು. ಕೋಲು ಯಾರ ಕೈಯಲ್ಲಿದೆಯೋ ಮಾತು ಅವರದು. ಯಾವ ಮೀನನ್ನು ಮಳೆಗಾಲಕ್ಕೆ ಇಡಬೇಕು, ಯಾವುದನ್ನು ಘಟ್ಟದ ಮೇಲಿನ ಗಾಡಿಯವನಿಗೆ ಕೊಡಬೇಕು, ಯಾವುದನ್ನು ಬೊಬ್ರುವಾಡದ ರೈತರ ಮನೆಗೆ ಒಯ್ದು ಅಕ್ಕಿ ತರಬೇಕು, ಎಲ್ಲ ಆ ಚಪ್ಪರದಡಿಯೇ ತೀರ್ಮಾನ. ಹಿರಿಯಾಕೆಯ ಕೈಲಿ ಕಾವಲು ಆಗದು ಎಂದಾದ ದಿನ ಕೋಲು ಸೊಸೆಯ ಕೈಗೆ ಬರುತ್ತಿತ್ತು. ಆಮೇಲೆ ಅತ್ತೆಯಾದವಳು ಜಗಲಿಯಲ್ಲಿ ಕೂತು ಹರಿದ ಬುಟ್ಟಿ ಹೊಲಿಯಬೇಕು. ಹಾಗೆ ಜಗಲಿ ಸೇರಿದವರನ್ನು ನಾನು ನೋಡಿದ್ದೆ. ಅವರು ಊಟಕ್ಕೆ ಕರೆದಾಗ ಮಾತ್ರ ಏಳುತ್ತಿದ್ದರು.

ನಾನು ಬಂದ ಎರಡನೆಯ ವರ್ಷ ಅತ್ತೆಯ ಕಣ್ಣು ಮಂಜಾಗತೊಡಗಿತು. ಅವರಿಗೆ ಆಗ ಎಪ್ಪತ್ತರ ಆಸುಪಾಸು. ಸರಿಯಾಗಿ ಯಾರೂ ಎಣಿಸಿರಲಿಲ್ಲ. ಒಂದು ಮಧ್ಯಾಹ್ನ ನಾನು ಗಂಜಿಯ ಗಡಗೆಯನ್ನು ತಂದು ಬಲೆಯ ಅಂಚಿನಲ್ಲಿಟ್ಟು ಮೀನು ಮಗುಚಲು ಬಾಗಿದ್ದೆ. ಅತ್ತೆ "ಹಚಾ!" ಎಂದು ಕೂಗಿ ಕೋಲು ಬೀಸಿ ಒಗೆದರು. ಮಸಿ ಹಿಡಿದ ಗಡಗೆ ಎರಡು ಹೋಳಾಯಿತು. ನಿಜವಾದ ಕಾಗೆಗಳು ಅವರ ಬೆನ್ನ ಹಿಂದೆ ನಿಶ್ಚಿಂತೆಯಿಂದ ಸಿಗಡಿ ತಿನ್ನುತ್ತಿದ್ದವು. ಪಕ್ಕದ ಜಾಗದಲ್ಲಿ ಕಾವಲಿಗೆ ಕೂತಿದ್ದ ಹೆಂಗಸು ಹೊಟ್ಟೆ ಹಿಡಿದು ನಕ್ಕಳು.

"ಕಾಗಿ ಓಡ್ಸ್ತಾಳೆ ಅಂದ್ಕಂಡ್ರೆ ಗಡಗಿಗೆ ಹೊಡೀತಾಳಲ್ಲೆ!"

ಆ ಮಾತು ಸಂಜೆಯೊಳಗೆ ಊರೆಲ್ಲ ಸುತ್ತಿ ಬಂತು. ನನ್ನ ಗಂಡ ಊಟಕ್ಕೆ ಕೂತಾಗ ತಲೆ ತಗ್ಗಿಸಿಯೇ ತಾಯಿಗೆ ಹೇಳಿದರು.

"ಅವ್ವಿ, ಮಳಿ ಕಳದ್ಮೇಲೆ ನೀ ಮನಿಲೇ ಇರು. ಇವ್ಳು ಕಾವಲಿಗೆ ಕೂತ್ಕಳ್ಳಿ."

"ಚವತಿ ಆಗ್ಲಿ, ನೋಡ್ವ," ಎಂದರು ಅತ್ತೆ. ಅಷ್ಟೇ.

ನಾನು ಪಾತ್ರೆ ತೊಳೆಯುವಾಗ ಹಾಡು ಗುನುಗಿದೆ. ಹದಿನೆಂಟು ವರ್ಷಕ್ಕೇ ಕೋಲು ಕೈಗೆ ಬರುತ್ತದೆ ಎಂದರೆ ಸಣ್ಣ ಮಾತೇ? ಬೆಳಂಬಾರದ ಹೊಯ್ಗೆಯಲ್ಲಿ ಅಷ್ಟು ಸಣ್ಣವಳು ಯಾರೂ ಚಪ್ಪರದಡಿ ಕೂತಿರಲಿಲ್ಲ. ಯಾವ ಸೀರೆ ಉಟ್ಟು ಕೂರಬೇಕು ಎಂಬುದನ್ನೂ ನಾನು ಯೋಚಿಸಿಟ್ಟಿದ್ದೆ.

ಚವತಿ ಆಗಿ ನಾಲ್ಕನೆಯ ದಿನ ಅತ್ತೆ ಒಣಮೀನಿನ ಬುಟ್ಟಿ ಹೊತ್ತು ಬೊಬ್ರುವಾಡಕ್ಕೆ ಹೋದರು. ಅಕ್ಕಿ ತರುತ್ತಾರೆ ಎಂದುಕೊಂಡಿದ್ದೆ. ಬುಟ್ಟಿ ಇಳಿಸಿದಾಗ ಅಕ್ಕಿಯ ಗಂಟಿನ ಪಕ್ಕ ಕಂದು ಬಣ್ಣದ ಒಂದು ಕುನ್ನಿ, ಎಂದರೆ ನಾಯಿಮರಿ, ಮುದುಡಿ ಮಲಗಿತ್ತು. ಅಲ್ಲಿಯ ರೈತರ ಮನೆಯೊಂದರ ನಾಯಿಯ ಮರಿ. ಆ ತಾಯಿನಾಯಿ ದಿನವಿಡೀ ಕೋಳಿಗಳ ನಡುವೆ ಮಲಗಿದ್ದು ಒಂದು ಪಿಳ್ಳೆಗೂ ಬಾಯಿ ಹಾಕಿದ್ದಿಲ್ಲ ಎಂದು ಅತ್ತೆ ಹಿಂದೆಲ್ಲ ಹೇಳುತ್ತಿದ್ದರು. ಆ ಮನೆಯ ಗೌಡ್ತಿ, ಈ ವಯಸ್ಸಿಗೆ ಮರಿ ಯಾಕೆ, ಬೆಳೆದ ನಾಯಿಯನ್ನೇ ಒಯ್ಯಿರಿ ಎಂದಳಂತೆ.

"ದೊಡ್ಡ ನಾಯಿ ತನ್ನ ಬುದ್ಧಿ ಕಟ್ಕಂಡೇ ಬತ್ತದೆ ಅಂದೆ ನಾ. ನಂಗೆ ನನ್ನ ಬುದ್ಧಿ ಕಲಿಯೂದು ಬೇಕು. ಕಾಗಿ ನೋಡೂಕೆ ಅದ್ರ ಕಣ್ಣು, ಹೇಳೂಕೆ ನನ್ನ ಬಾಯಿ."

ಮೀನು ಕಾಯಲು ನಾಯಿ! ನನಗೆ ನಗು ಬರಬೇಕಿತ್ತು, ಸಿಟ್ಟು ಬಂತು. ಕೈಗೆ ಬಂದ ಕೋಲು ಜಾರಿಹೋಗುತ್ತಿರುವುದು ನನಗೆ ಕಾಣುತ್ತಿತ್ತು.

"ಅತ್ತೆ, ನಿಮ್ಮನ್ನೇ ನೋಡ್ಕಳ್ಳೂಕೆ ಒಬ್ರು ಬೇಕು. ನಾಳೆ ನಿಮಗೆ ಏನಾದ್ರೂ ಆದ್ರೆ ಈ ಕುನ್ನಿನ ಯಾರು ನೋಡೂದು? ನಾನಂತೂ ನೋಡೂದಿಲ್ಲ, ಈಗ್ಲೇ ಹೇಳ್ತೆ."

ಗಂಡ ನನ್ನತ್ತ ಕಣ್ಣು ಬಿಟ್ಟರು. ಅತ್ತೆ ಮಾತ್ರ ಮರಿಯ ಹೊಟ್ಟೆ ಮುಟ್ಟಿ ನೋಡುತ್ತಿದ್ದರು.

"ಆಗೂದು ಆದಾಗ ನೋಡ್ವ. ಈಗ ಅದ್ಕೆ ಹಸಿವಾಗದೆ. ಗಂಜಿ ತಕಂಬಾ."

ಕೊನೆಗೆ ಗಂಡ ಒಂದು ಪಂಚಾಯ್ತಿ ಮಾಡಿದರು. ಶಿವರಾತ್ರಿಯವರೆಗೆ ಅತ್ತೆ ಕುನ್ನಿಯ ಜೊತೆ ಕಾವಲಿಗೆ ಕೂರುವುದು. ಅಷ್ಟರೊಳಗೆ ಅದು ಮೀನಿಗೆ ಬಾಯಿ ಹಾಕಿದ್ದು ಒಬ್ಬರ ಕಣ್ಣಿಗೆ ಬಿದ್ದರೂ ಕೋಲು ನನಗೆ, ಅತ್ತೆ ಜಗಲಿಗೆ. ಅತ್ತೆ ಹೂಂ ಎಂದರು. ನಾನು ಅವರಿಗಿಂತ ಮೊದಲೇ ಹೂಂ ಎಂದಿದ್ದೆ.

ಅತ್ತೆಯ ಪಾಠ ವಿಚಿತ್ರದ್ದಾಗಿತ್ತು. ದಿನಾ ಬೆಳಿಗ್ಗೆ ಹೊಯ್ಗೆಗೆ ಹೋಗುವ ಮೊದಲು ಅಂಗಳದಲ್ಲಿ ತೆಂಗಿನ ಗರಟೆಯ ತುಂಬ ಗಂಜಿ, ಅದರಲ್ಲಿ ಬೇಯಿಸಿದ ಮೀನು, ಮುಳ್ಳು ತೆಗೆದು ಕಿವುಚಿದ್ದು. ಹೊಟ್ಟೆ ಡೊಳ್ಳಾಗುವಷ್ಟು ತಿಂದ ಮೇಲೆಯೇ ಸವಾರಿ ಹೊರಡುವುದು. ಮೀನು ಗರಟೆಯಲ್ಲಿದ್ದರೆ ತಿನ್ನಲಿಕ್ಕೆ, ಹೊಯ್ಗೆಯ ಮೇಲಿದ್ದರೆ ನೋಡಲಿಕ್ಕೆ, ಇಷ್ಟೇ ಅದರ ಶಾಸ್ತ್ರ. ಕುನ್ನಿ ಬಲೆಯ ಹತ್ತಿರ ಮೂಗು ಒಯ್ದರೆ ಅತ್ತೆ ಅದರ ಮುಸುಡಿಯನ್ನು ಮೆಲ್ಲಗೆ ಕೈಯಲ್ಲಿ ಹಿಡಿದು "ಹುಂ" ಎನ್ನುತ್ತಿದ್ದರು. ಬಿಟ್ಟರೆ ಮತ್ತೆ ಮೂಗು, ಮತ್ತೆ "ಹುಂ". ದಿನಕ್ಕೆ ಎಷ್ಟು ಸಲ ಎಂದು ನಾನು ಎಣಿಸಹೋಗಿ ಸೋತೆ. ಪಕ್ಕದ ಜಾಗದ ಹೆಂಗಸು ಒಂದು ಉಪಾಯ ಹೇಳಿಕೊಟ್ಟಳು.

"ಒಂದು ಮೀನಿಗೆ ಮೆಣ್ಸಿನ್ಹುಡಿ ತುಂಬಿ ಇಡಿ. ಒಂದ್ಸಲ ಕಚ್ಚಿದ್ರೆ ಜನ್ಮದಲ್ಲಿ ಬಾಯಿ ಹಾಕೂದಿಲ್ಲ."

"ಖಾರ ಹಾಕಿದ್ರೆ ಅದು ಖಾರಕ್ಕೆ ಹೆದರ್ತದೆ. ನನ್ನ ಮಾತು ಕೇಳೂದಿಲ್ಲ. ನಂಗೇನು ಬೇರೆ ಕೆಲ್ಸ ಅದೆಯೆ? ಕಲಿಸ್ತೆ ಬಿಡು, ನಿಧಾನಕ್ಕೆ."

ಇದನ್ನು ಈಗ ನೆನೆದರೆ ನನಗೆ ಹೆಮ್ಮೆಯಾಗುತ್ತದೆ. ಆಗ ಮುದುಕಿಗೆ ಬೇರೆ ಕೆಲಸವಿಲ್ಲ ಎಂದೇ ನಾನೂ ಅಂದುಕೊಂಡದ್ದು. ನಿಜ ನೋಡಿದರೆ ಆ ಹೊಯ್ಗೆಯ ಮೇಲೆ ಮರಿ ಕಲಿಸುವಷ್ಟು ಪುರಸೊತ್ತು ಇದ್ದದ್ದು ಅವರೊಬ್ಬರಿಗೇ. ನಾನು ಸಾಕಿದ್ದರೆ ಎಂಟು ದಿನಕ್ಕೆ ಬಡಿದು ಕೈಬಿಡುತ್ತಿದ್ದೆ.

ಅತ್ತೆಗೆ ಇನ್ನೊಂದು ಚಾಳಿ ಹತ್ತಿತು. ನಾನು ಬಿಸಿಲಿನಲ್ಲಿ ಮೀನು ಮಗುಚುತ್ತಿರುವಾಗ ಕುನ್ನಿಯ ಹತ್ತಿರ ಮಾತಾಡುವುದು. "ಕುನ್ನಿ, ತಾರ್ಲೆ ಬಾಲ ಮುರಿದ್ರೆ ಚಟ್ ಅನ್ನೂಕು. ಹಂಗಂದ್ರೆ ಒಣಗದೆ ಅಂತ. ಸದ್ದಿಲ್ದೆ ಬಗ್ಗಿದ್ರೆ ಬುಟ್ಟಿಗೆ ತುಂಬೂಕಾಗ, ಹುಳ ಬೀಳ್ತದೆ." "ಕುನ್ನಿ, ಗಾಳಿ ತೆಂಕಿಂದ ತಿರುಗ್ತು. ಸಂಜಿಗೆ ಇಬ್ಬನಿ ಬೀಳ್ತದೆ, ಬೇಗ ತೆಗೀಬೇಕು." ನಾಯಿಗೆ ಇದೆಲ್ಲ ಯಾಕೆ ಎಂದು ನಾನು ಮೂಗು ಮುರಿಯುತ್ತಿದ್ದೆ. ಆದರೆ ಬಾಲ ಮುರಿದು ನೋಡುತ್ತಲೂ ಇದ್ದೆ.

ಕುನ್ನಿ ಬೆಳೆಯಿತು. ಕಾಗೆ ಕೂತರೆ ಸಾಕು, ಬಾಣದ ಹಾಗೆ ಓಡುತ್ತಿತ್ತು. ಹೆದರಿದ ಕಾಗೆ ಕೊಕ್ಕಿನಿಂದ ಬೀಳಿಸಿದ ಮೀನನ್ನು ಹಲ್ಲು ಊರದ ಹಾಗೆ ಬಾಯಲ್ಲಿ ಹಿಡಿದು ತಂದು ಅತ್ತೆಯ ಮಡಿಲಿಗೆ ಹಾಕುವುದನ್ನೂ ಕಲಿಯಿತು. ಸಂಕ್ರಾಂತಿ ಕಳೆಯಿತು. ಒಮ್ಮೆಯೂ ಅದು ಮೀನು ತಿಂದದ್ದನ್ನು ಯಾರೂ ಕಾಣಲಿಲ್ಲ. ಶಿವರಾತ್ರಿಗೆ ಇನ್ನು ಹದಿನೈದು ದಿನ ಇತ್ತು, ನನಗೆ ತಡೆಯಲಾಗಲಿಲ್ಲ.

ಒಂದು ಬೆಳಿಗ್ಗೆ ಗಂಡ ತಂದ ಬುಟ್ಟಿಯಿಂದ ಒಂದು ಹಸಿ ಬಂಗಡೆಯನ್ನು ಸೆರಗಿನಲ್ಲಿ ಸುತ್ತಿಕೊಂಡೆ. ದಪ್ಪ, ಮಿರಿಮಿರಿ ಮಿಂಚುವ ಬಂಗಡೆ. ಅಂದು ಕುನ್ನಿಗೆ ಗಂಜಿ ಇಡುವ ಕೆಲಸ ನನಗೆ ಬಂದಿತ್ತು. ಅರ್ಧ ಗರಟೆ ಮಾತ್ರ ಇಟ್ಟೆ. ಹೊಯ್ಗೆಯ ಮೇಲೆ ಪಕ್ಕದ ಜಾಗದವಳು ಇತ್ತ ನೋಡುತ್ತಿರುವುದನ್ನು ಖಾತ್ರಿ ಮಾಡಿಕೊಂಡು, ಚಪ್ಪರದ ಹಿಂಬದಿಯಿಂದ ಬಂಗಡೆಯನ್ನು ಕುನ್ನಿಯ ಮೂಗಿನ ಮುಂದೆ ಒಗೆದೆ. ಅದು ತಿನ್ನಲಿ, ಅವಳು ನೋಡಲಿ, ಊರಿಗೆಲ್ಲ ಹೇಳಲಿ, ಇದೇ ನನ್ನ ಹಂಚಿಕೆ. ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಕುನ್ನಿ ಬಂಗಡೆಯನ್ನು ಮೂಸಿತು. ಬಾಯಲ್ಲಿ ಜೊಲ್ಲು ಇಳಿಯುತ್ತಿದ್ದುದು ನನಗೆ ಕಾಣುತ್ತಿತ್ತು. ಸುತ್ತ ನೋಡಿತು, ಕಾಗೆಯೇ ಇರಲಿಲ್ಲ. ಸ್ವಲ್ಪ ಹೊತ್ತು ಅದಕ್ಕೂ ಬಗೆಹರಿಯಲಿಲ್ಲ ಅಂತ ಕಾಣುತ್ತದೆ. ಆಮೇಲೆ ಮೆಲ್ಲಗೆ ಕಚ್ಚಿಕೊಂಡು ಹೋಗಿ ಅತ್ತೆಯ ಮಡಿಲಲ್ಲಿ ಇಟ್ಟಿತು.

ಅತ್ತೆ ಮೀನನ್ನು ಮುಟ್ಟಿದರು, ಬೆರಳಿನಿಂದ ತಲೆಯಿಂದ ಬಾಲದವರೆಗೆ ಸವರಿದರು, ಮೂಸಿದರು. ಅಂದು ನಮ್ಮ ಬಲೆಯ ಮೇಲೆ ಇದ್ದದ್ದು ಒಣ ತಾರ್ಲೆ. ಹಸಿ ಬಂಗಡೆ ಮೇಲಿಂದ ಉದುರುವುದಿಲ್ಲ. ಕಣ್ಣು ಕಾಣದವರಿಗೆ ಅದನ್ನು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವರು ನಾನು ನಿಂತಿದ್ದ ದಿಕ್ಕಿಗೇ ಮುಖ ತಿರುಗಿಸಿದರು.

"ತಕ ಮಗಾ. ನಾಯಿಗೆ ಬೇಡಂತೆ. ನೀನೇ ಹುರ್ಕಂಡು ತಿನ್ನು."

ಒಂದು ಬೈಗುಳವಿಲ್ಲ. ಮಧ್ಯಾಹ್ನ ಮನೆಯಲ್ಲಿ ನಾನು ಆ ಬಂಗಡೆಯನ್ನು ಹುರಿದೆ, ಅತ್ತೆ ಎದುರು ಕೂತು ತಿನ್ನಿಸಿದರು. ನನ್ನ ಕಣ್ಣಿಂದ ನೀರು ತಟ್ಟೆಗೆ ಬೀಳುತ್ತಿತ್ತು. ಅವರಿಗೆ ಅದು ಕಂಡಿತೋ ಇಲ್ಲವೋ. "ಮುಳ್ಳು ನೋಡ್ಕ," ಎಂದರು. ಮಗನಿಗೆ ಅವರು ಈ ಸಂಗತಿ ಹೇಳಲಿಲ್ಲ. ನಾನೇ ಎಷ್ಟೋ ವರ್ಷದ ಮೇಲೆ ಹೇಳಿದೆ.

ಮರುದಿನದಿಂದ ಗರಟೆಗೆ ಗಂಜಿ ಹಾಕುವ ಕೆಲಸ ನನ್ನದಾಯಿತು, ಯಾರೂ ಹೇಳದೆ. ಶಿವರಾತ್ರಿ ಬಂತು, ಹೋಯಿತು, ಅದರ ಮಾತೇ ಯಾರೂ ಎತ್ತಲಿಲ್ಲ. ಕೋಲು ಅತ್ತೆಯ ಕೈಯಲ್ಲೇ ಉಳಿಯಿತು.

ಆಮೇಲಿನ ಆರು ವರ್ಷ ನಮ್ಮ ಹೊಯ್ಗೆಯ ಜಾಗಕ್ಕೆ ಇದ್ದ ಮರ್ಯಾದೆಯನ್ನು ಹೇಳಹೊರಟರೆ ಜಂಬ ಎನ್ನುತ್ತೀರಿ. ಎನ್ನಿ. ಮೀನು ಮುಟ್ಟದ ನಾಯಿಯನ್ನು ನೋಡಲು ಬೇರೆ ಊರಿನ ಹೆಂಗಸರು ಬುಟ್ಟಿ ಇಳಿಸಿ ನಿಲ್ಲುತ್ತಿದ್ದರು. ಘಟ್ಟದ ಗಾಡಿಯವನು ನಮ್ಮ ಮೀನಿನಲ್ಲಿ ಕಾಗೆ ಕುಕ್ಕಿದ್ದು ಒಂದೂ ಇರುವುದಿಲ್ಲ ಎಂದು ಮೊದಲು ನಮ್ಮ ಜಾಗಕ್ಕೇ ಬರುತ್ತಿದ್ದ. ಗಡಗೆಯ ಮಾತು ಆಡಿ ನಕ್ಕವಳು ತನ್ನ ಬಲೆಯನ್ನು ವರ್ಷದಿಂದ ವರ್ಷಕ್ಕೆ ನಮ್ಮ ಬಲೆಯ ಸಮೀಪಕ್ಕೆ ಸರಿಸುತ್ತ ಬಂದಳು, ನಮ್ಮ ನಾಯಿ ಅವಳದ್ದನ್ನೂ ಕಾಯಲಿ ಎಂದು. ಅತ್ತೆಗೆ ಗೊತ್ತಿತ್ತು. "ಇರ್ಲಿ, ಕುನ್ನಿಗೆ ಓಡೂಕೆ ಜಾಗ ಆಯ್ತು," ಎನ್ನುತ್ತಿದ್ದರು. ನಾಯಿ ಎಷ್ಟು ದೊಡ್ಡದಾದರೂ ಅವರ ಬಾಯಲ್ಲಿ ಅದು ಕುನ್ನಿಯೇ. ಈ ನಡುವೆ ನನಗೆ ಎರಡು ಮಕ್ಕಳಾದವು. ಅತ್ತೆಯ ಕಣ್ಣು ಪೂರ್ತಿ ಹೋಯಿತು. ಕುನ್ನಿ ಮುಂದೆ, ಅತ್ತೆ ಅದರ ಬೆನ್ನ ಮೇಲೆ ಬೆರಳಿಟ್ಟು ಹಿಂದೆ, ಹೀಗೆ ದಿನಾ ಬೆಳಿಗ್ಗೆ ಹೊಯ್ಗೆಗೆ ಹೋಗುವುದನ್ನು ನೋಡಿ ನಾನು ಬಾಗಿಲಲ್ಲೇ ನಿಂತುಬಿಡುತ್ತಿದ್ದೆ.

ಆಗಬಾರದ್ದು ಆದದ್ದು ಏಳನೆಯ ವರ್ಷದ ಸುಗ್ಗಿ ಹುಣ್ಣಿಮೆ ಕಳೆದ ಮೇಲೆ. ದಂಡೆಯ ಕೇದಗೆಯ ಹಿಂಡಿನಲ್ಲಿ ಕುನ್ನಿಗೆ ಹಾವು ಕಚ್ಚಿತು. ಬಾಯಲ್ಲಿ ನೊರೆ ಬಿಟ್ಟುಕೊಂಡೇ ಚಪ್ಪರದವರೆಗೆ ಬಂದು ಅತ್ತೆಯ ಕಾಲ ಬಳಿ ಬಿತ್ತು. ನಾಯಿಯ ಗತಿಯೇನು, ನಾಯಿಯ ಗತಿಯೇನು ಎಂದು ನಾವೆಲ್ಲ ಬಾಯಿ ಬಡಿದುಕೊಂಡಿದ್ದೆವು. ಅತ್ತೆ ಉಳಿದರು, ನಾಯಿ ಹೋಯಿತು.

ಎರಡು ದಿನ ಅವರು ಊಟ ಮಾಡಲಿಲ್ಲ. ಮೂರನೆಯ ದಿನ ಕೋಲನ್ನು ತಂದು ನನ್ನ ಕೈಗಿಟ್ಟರು. "ಇನ್ನು ನೀ ಕೂತ್ಕ." ಏಳು ವರ್ಷದ ಹಿಂದೆ ಆಸೆಪಟ್ಟ ಕೋಲು ಕೈಗೆ ಬಂದರೆ ನನಗೆ ಬೆಂಕಿ ಹಿಡಿದ ಹಾಗಾಯಿತು. ಒಂದು ವಾರ ಕೂತೆ. ಮನೆಗೆ ಬಂದರೆ ಜಗಲಿಯ ಮೂಲೆಯಲ್ಲಿ ಅತ್ತೆ, ಮಡಿಲಲ್ಲಿ ಹರಿದ ಬುಟ್ಟಿ. ಕರೆದಾಗ ಮಾತ್ರ ಏಳುತ್ತಿದ್ದರು.

ಎಂಟನೆಯ ದಿನ ನಾನು ಯಾರನ್ನೂ ಕೇಳದೆ ಬೊಬ್ರುವಾಡಕ್ಕೆ ಹೊರಟೆ. ಗಂಡ ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದರು. ಎಲ್ಲಿಗೆ ಎಂದು ಕೇಳಿದರು, ಹೇಳಿದೆ.

"ಈಗ ಮತ್ತೆ ಕುನ್ನಿಯೆ? ಅವ್ವಿಗೆ ಎಪ್ಪತ್ತೈದು ದಾಟ್ತು. ಆಮೇಲೆ ಅದನ್ನ..."

"ಆ ಮಾತು ನನ್ನದು. ನಾ ಆಡಿ ತೀರ್ಸಾಗದೆ. ನೀವು ಬಲೆ ನೋಡ್ಕಳಿ."

ಅವರು ಬಲೆ ನೋಡಿಕೊಂಡರು. ಬೊಬ್ರುವಾಡದ ಆ ಗೌಡ್ತಿಯ ಮನೆಯಲ್ಲಿ ಅದೇ ತಳಿಯ ಮರಿಗಳಿದ್ದವು. ಗಲಾಟೆ ಮಾಡದೆ ನನ್ನ ಕೈ ಮೂಸುತ್ತ ಕೂತ ಹೆಣ್ಣು ಮರಿಯನ್ನು ಆರಿಸಿ ಬುಟ್ಟಿಗೆ ಹಾಕಿಕೊಂಡು ಬಂದೆ. ಅತ್ತೆಯ ಮಡಿಲಿನ ಬುಟ್ಟಿ ತೆಗೆದು ಮರಿಯನ್ನು ಇಟ್ಟೆ. ಅವರು ಅದರ ಕಿವಿ, ಕಾಲು, ಹೊಟ್ಟೆ ಎಲ್ಲ ಮುಟ್ಟಿ ನೋಡಿದರು. ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ತಲೆ ಬಾಚಿ, ಕೋಲು ಹಿಡಿದು ಅಂಗಳದಲ್ಲಿ ನಿಂತಿದ್ದರು.

ಮಳೆ ಬೀಳುವವರೆಗೆ ಎರಡೂವರೆ ತಿಂಗಳು ಸಿಕ್ಕಿತು. ಮತ್ತೆ ಅದೇ "ಹುಂ", ಅದೇ ಮುಸುಡಿ ಹಿಡಿಯುವುದು. ಈ ಸಲ ನನ್ನ ಕೈ ಹಿಡಿದು ದಾರಿ ನಡೆಯುತ್ತಿದ್ದರು, ಮರಿ ಇನ್ನೂ ಸಣ್ಣದಲ್ಲವೇ. ಕಾಗೆ ಬಂದರೆ ನಾನು ಹೇಳುತ್ತಿದ್ದೆ, ಅವರು ಮರಿಯನ್ನು ಬಿಡುತ್ತಿದ್ದರು. ಅದು ಮೀನು ಮುಟ್ಟಬಾರದು ಎಂಬುದನ್ನು ಕಲಿಯಿತು. ಬಿದ್ದ ಮೀನನ್ನು ತಂದುಕೊಡುವಷ್ಟು ಇನ್ನೂ ಬುದ್ಧಿ ಬಂದಿರಲಿಲ್ಲ. ಅಷ್ಟರಲ್ಲಿ ಮಳೆ ಹಿಡಿಯಿತು, ದೋಣಿಗಳು ದಡ ಸೇರಿದವು, ಚಪ್ಪರ ಬಿಚ್ಚಿದೆವು. ಅತ್ತೆ ಜ್ವರದಲ್ಲಿ ಮಲಗಿದವರು ಮತ್ತೆ ಎದ್ದು ಕೂರಲಿಲ್ಲ. ಆಷಾಢ ಮುಗಿಯುವ ಮೊದಲು ತೀರಿಕೊಂಡರು.

ಅದಕ್ಕೆ ಮೂರು ದಿನ ಮೊದಲು ಮಧ್ಯಾಹ್ನ ನಾನು ಗಂಜಿ ಕುಡಿಸುತ್ತಿದ್ದೆ. ಎರಡು ಗುಟುಕು ಕುಡಿದು ಸಾಕೆಂದು ಕೈ ಅಡ್ಡ ಹಿಡಿದರು. ಮನೆಗೆ ಬಂದಂದಿನಿಂದ ಅವರು ನನ್ನನ್ನು ಬೈದದ್ದೂ ಕಡಿಮೆ, ಹೊಗಳಿದ್ದಂತೂ ಇಲ್ಲ. ಮಾಡಿದ ಅಡಿಗೆಗೆ ಒಂದು ದಿನ ಚಲೋ ಆಗಿದೆ ಎಂದವರಲ್ಲ. ಗಂಜಿಯ ಬಟ್ಟಲು ಕೆಳಗಿಟ್ಟು ಬಾಯಿ ಒರೆಸಲು ಬಾಗಿದಾಗ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಕುನ್ನಿಗೆ ಕಲ್ಸೂದು ಅರ್ಧ ಆಗದೆ."

"ಹೌದು ಅತ್ತೆ. ಮಳಿ ಕಳೀಲಿ, ನೀವು ಉಳದದ್ದು ಕಲ್ಸೂರಂತೆ."

"ಎಂತಕ್ಕೆ ಸುಳ್ಳು ಹೇಳ್ತೆ ಮಗಾ," ಎಂದು ನಕ್ಕರು. ಆಮೇಲೆ ಕೈ ಬಿಡದೆ ಹೇಳಿದರು, "ಉಳದದ್ದು ನಿಂಗೆ ಬತ್ತದೆ."